ತಾರಾದೇವಿಯ ಬಲಗಾಲು

ಟೊರಾಂಟೋದ ಥಾರ್ನ್‌ಕ್ಲಿಫ್ ಪಾರ್ಕಿನ ಮಾಲಿನಲ್ಲಿ ಔಷಧಿ ಅಂಗಡಿಯ ಪಕ್ಕಕ್ಕೆ ಒಂದು ಸಣ್ಣ ಆಲ್ಟರೇಶನ್ ಅಂಗಡಿ ಇದೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಾಕೆಟ್ಟಿನ ಜಿಪ್ ಬದಲಿಸುವುದು, ಮದುವೆಯ ಲೆಹೆಂಗಾ ಸಡಿಲಿಸುವುದು ಅಲ್ಲಿನ ಕೆಲಸ. ಹದಿಮೂರು ವರ್ಷ ಆ ಅಂಗಡಿಯ ಒಳಕೋಣೆಯ ಮೆಷಿನ್ನಿನ ಮುಂದೆ ಕೂತವರು ಗಿರಿಜವ್ವ. ನಾನು ರಿಚ್ಮಂಡ್ ಹಿಲ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ರವಿಕೆಗಳನ್ನು ಅಲ್ಲಿಗೇ ಒಯ್ಯುತ್ತಿದ್ದೆ. ತೋಳು ಎಲ್ಲಿ ಹಿಡಿಯುತ್ತದೆ, ಬೆನ್ನು ಎಲ್ಲಿ ಎಳೆಯುತ್ತದೆ ಎಂದು ಕನ್ನಡದಲ್ಲಿ ಹೇಳಿದರೆ ಅರ್ಥವಾಗುವ ಕೈ ಈ ಊರಿನಲ್ಲಿ ಇನ್ನೊಂದು ಸಿಕ್ಕಿರಲಿಲ್ಲ. ನಾನು ಅವರಿಗಿಂತ ನಾಲ್ಕು ವರ್ಷ ಚಿಕ್ಕವಳು. ಆದರೂ ಅವರು ನನ್ನನ್ನು ಪದ್ಮಕ್ಕ ಎಂದೇ ಕರೆಯುತ್ತಾರೆ. ಗಿರಾಕಿಗೆ ಕೊಡಬೇಕಾದ ಮರ್ಯಾದೆ ಅಂತೆ.

ಗಿರಿಜವ್ವನ ತವರು ಗದಗ ಜಿಲ್ಲೆಯ ಡಂಬಳ. ಅವರ ತಾಯಿ ಊರಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದರು. ಹಳೇ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಯಾವುದು ಬಂದರೂ ಕತ್ತರಿಸಿ, ಬಣ್ಣಕ್ಕೆ ಬಣ್ಣ ಕೂಡಿಸಿ, ಒಂದರ ಮೇಲೊಂದು ತುಂಡಿಟ್ಟು ಹೊಲಿಯುವ ಕೆಲಸ. ಗಿರಿಜವ್ವ ಆರು ವರ್ಷಕ್ಕೇ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು. ಹತ್ತಕ್ಕೆ ಮೂಲೆಯ ತುಂಡುಗಳನ್ನು ತಾವೇ ಕೂಡಿಸುತ್ತಿದ್ದರು. ಹುಬ್ಬಳ್ಳಿಯ ಶಿವಲಿಂಗಪ್ಪನವರನ್ನು ಮದುವೆಯಾದರು. ಶಿವಲಿಂಗಪ್ಪ ಲೇತ್ ಮೆಷಿನ್ನಿನಲ್ಲಿ ಪಳಗಿದವರು. ಸ್ಕಾರ್ಬರೋದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಪುಟ್ಟ ಮಗಳೊಂದಿಗೆ ಇಲ್ಲಿಗೆ ಬಂದರು. ಆ ಮಗಳು ಐಶ್ವರ್ಯಾ ಈಗ ನರ್ಸಿಂಗ್ ಓದುತ್ತಿದ್ದಾಳೆ.

ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಗಿರಿಜವ್ವ ಅಂಗಡಿಯ ಕೌಂಟರಿನ ಹಿಂದೆ ನಿಂತು ಫೋನಿನಲ್ಲಿ ಗದಗದ ತಂಗಿಯೊಂದಿಗೆ ಜಗಳ ಆಡುತ್ತಿದ್ದರು. ಕಳಿಸಿದ ಶೇಂಗಾ ಚಟ್ನಿಯ ಪೊಟ್ಟಣ ಒಡೆದು ಬಂದ ವಿಷಯ. ಎದುರಿಗೆ ಒಬ್ಬ ವಯಸ್ಸಾದ ಟಿಬೆಟನ್ ಮನುಷ್ಯ ಜಿಪ್ ಕೆಟ್ಟ ಜಾಕೆಟ್ ಹಿಡಿದು ನಿಂತಿದ್ದ. ಗಿರಿಜವ್ವ ಕೈಸನ್ನೆಯಲ್ಲೇ ಒಂದು ನಿಮಿಷ ಎಂದರು.

"ಅವಸರ ಇಲ್ರಿ," ಎಂದ ಆತ. "ಮಾತು ಮುಗಿಸ್ರಿ. ಚಟ್ನಿ ದೊಡ್ಡ ವಿಷಯ ಐತಿ."

ಗಿರಿಜವ್ವ ಫೋನು ಕಿವಿಯಿಂದ ತೆಗೆದು ಆತನ ಮುಖ ನೋಡಿದರು. "ನಿಮಗ ಕನ್ನಡ ಹೆಂಗ ಬರ್ತೈತ್ರಿ?"

"ನಾ ಮುಂಡಗೋಡದಾಂವ. ಹದಿಮೂರು ವರ್ಷದ ಹುಡುಗ ಇದ್ದಾಗ ಅಲ್ಲಿಗೆ ಬಂದೆ. ಥಂಡಿಗಾಲದಾಗ ಹುಬ್ಬಳ್ಳ್ಯಾಗ ಸ್ವೆಟರ್ ಮಾರ್ತಿದ್ದೆ. ಇಪ್ಪತ್ತು ವರ್ಷ ಮಾರೀನಿ."

ಆತನ ಹೆಸರು ಕೆಲ್ಸಂಗ್ ವಾಂಗ್ದು. ವಯಸ್ಸು ಎಪ್ಪತ್ತು ದಾಟಿತ್ತು. ಸ್ವೆಟರ್ ಮಾರಿದ್ದು ಹೊಟ್ಟೆಪಾಡಿಗೆ. ತಂದೆಯಿಂದ ಕಲಿತ ನಿಜವಾದ ವಿದ್ಯೆ ಬೇರೆ ಇತ್ತು. ಬಣ್ಣದಿಂದ ಬರೆಯುವ ಬದಲು ರೇಷ್ಮೆಯ ತುಂಡುಗಳನ್ನು ಕತ್ತರಿಸಿ, ಒಂದರ ಮೇಲೊಂದು ಹೊಲಿದು, ಬುದ್ಧನ, ಬೋಧಿಸತ್ವರ, ದೇವತೆಗಳ ದೊಡ್ಡ ದೊಡ್ಡ ಪಟಗಳನ್ನು ಮಾಡುವ ವಿದ್ಯೆ. ಇಂಥ ದೇವರ ಪಟಕ್ಕೆ ಟಿಬೆಟನ್ನರು ಥಾಂಕಾ ಎನ್ನುತ್ತಾರೆ. ಟೊರಾಂಟೋದ ಟಿಬೆಟನ್ನರು ಅವರನ್ನು ಗೆನ್‌ಲಾ, ಅಂದರೆ ಗುರುಗಳೇ, ಎಂದು ಕರೆಯುತ್ತಿದ್ದರು. ಗಿರಿಜವ್ವ ಅಂದಿನಿಂದಲೇ ಮಾಸ್ತರ ಎಂದರು.

ಮಾಸ್ತರರು ಜಾಕೆಟ್ ಕೊಡುವಾಗ ಬೆರಳು ನಡುಗುವುದನ್ನು ಗಿರಿಜವ್ವ ಕಂಡರು. ಗೋಡೆಗೆ ತೂಗುಹಾಕಿದ್ದ ಕೌದಿಯನ್ನು ಮಾಸ್ತರರು ಕಂಡರು. ಅಂಗಡಿ ಚೆಂದ ಕಾಣಲಿ ಎಂದು ಗಿರಿಜವ್ವ ತಾವು ಹೊಲಿದದ್ದನ್ನೇ ಅಲ್ಲಿ ಹಾಕಿದ್ದರು. ಮಾಸ್ತರರು ಅದರ ಹತ್ತಿರ ಹೋಗಿ, ಅಂಚನ್ನು ತಿರುವಿ, ಹಿಂದಿನ ಹೊಲಿಗೆಯನ್ನು ಬಹಳ ಹೊತ್ತು ನೋಡಿದರು.

"ಹಿಂದಿನ ಕಡೆನೂ ಇಷ್ಟು ಸ್ವಚ್ಛ ಯಾರು ಹೊಲೀತಾರ?" ಎಂದು ಕೇಳಿದರು.

"ನಮ್ಮವ್ವ ಹಂಗ ಕಲಿಸ್ಯಾಳ್ರಿ."

ಜಿಪ್ ರಿಪೇರಿಯಾದ ಜಾಕೆಟ್ ಒಯ್ಯಲು ಬಂದ ದಿನ ಮಾಸ್ತರರು ತಮ್ಮ ಸಂಗತಿ ಹೇಳಿದರು. ಎಟೋಬಿಕೋದಲ್ಲಿ ಟಿಬೆಟನ್ನರ ಸಭಾಭವನಕ್ಕೆಂದು ಅವರೂ ಅವರ ಹೆಂಡತಿ ಯಾಂಗ್ಚೆನ್ ಅವರೂ ಹಸಿರು ತಾರಾದೇವಿಯ ಹದಿನಾಲ್ಕು ಅಡಿ ಎತ್ತರದ ಥಾಂಕಾ ಶುರು ಮಾಡಿದ್ದರು. ಮಾಸ್ತರರು ಅಳತೆ ಹಾಕಿ ಕತ್ತರಿಸುವವರು, ಯಾಂಗ್ಚೆನ್ ಹೊಲಿಯುವವರು. ಆಕಾಶ, ಬೆಟ್ಟ, ಕಮಲದ ಪೀಠ, ತಲೆಯ ಹಿಂದಿನ ಪ್ರಭೆ ಮುಗಿದಿದ್ದವು. ದೇವಿಯ ಮೈಗೆ ಕೈ ಹಾಕುವ ಮೊದಲೇ ಯಾಂಗ್ಚೆನ್ ತೀರಿಕೊಂಡರು. ಆಮೇಲೆ ಮಾಸ್ತರರ ಕೈ ನಡುಗುವ ಕಾಯಿಲೆ ಶುರುವಾಯಿತು. ನಾಲ್ಕು ವರ್ಷದಿಂದ ಎಲ್ಲವೂ ಪೆಟ್ಟಿಗೆಯಲ್ಲಿ ಇತ್ತು. ಆ ಸಮುದಾಯದ ಹೆಣ್ಣುಮಕ್ಕಳು ಎರಡೆರಡು ಶಿಫ್ಟಲ್ಲಿ ದುಡಿಯುವವರು. ಒಂದು ತಿಂಗಳು ಬಂದು ಕಲಿತವರಿದ್ದರು, ಉಳಿದವರಿರಲಿಲ್ಲ.

"ನೀವು ಬರ್ತೀರೇನು?" ಎಂದು ಕೇಳಿದರು.

ಗಿರಿಜವ್ವ ತಕ್ಷಣ ಒಪ್ಪಲಿಲ್ಲ. ಮನೆಯಲ್ಲಿ ಗಂಡನನ್ನು ಕೇಳಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಬೇರೆಯವರ ದೇವಿಯನ್ನು ಹೊಲಿಯಬಹುದೇ ಎನ್ನುವುದು ಅವರ ಅನುಮಾನ. ಶಿವಲಿಂಗಪ್ಪ ಊಟ ಮಾಡುತ್ತಿದ್ದವರು ರೊಟ್ಟಿ ಮುರಿಯುತ್ತಲೇ ಹೇಳಿದರು: "ನಿನ್ನ ದೇವರು ನಿನ್ನ ಅಂಗೈಯಾಗ ಇರ್ತಾನ. ಅದ ಕೈಯಿಂದ ಹೊಲಿತಿ. ಅಂವಾ ಬ್ಯಾಡ ಅಂದ್ರ ನಿನಗ ಗೊತ್ತಾಗ್ತೈತಿ ಬಿಡು."

ಮುಂದಿನ ಭಾನುವಾರ ಗಿರಿಜವ್ವ ಬಸ್ಸು, ಸಬ್‌ವೇ, ಮತ್ತೆ ಬಸ್ಸು ಹಿಡಿದು ಪಾರ್ಕ್‌ಡೇಲಿನಲ್ಲಿದ್ದ ಮಾಸ್ತರರ ಅಪಾರ್ಟ್‌ಮೆಂಟಿಗೆ ಹೋದರು.

ಮೊದಲ ದಿನ ಸೂಜಿಯನ್ನೇ ಕೊಡಲಿಲ್ಲ. ಕುದುರೆಯ ಬಾಲದ ಕೂದಲು ಕೊಟ್ಟರು. ಕ್ಯಾಲೆಡನ್ ಕಡೆಯ ಒಂದು ಲಾಯದಿಂದ ತರಿಸಿ, ತೊಳೆದು, ಉದ್ದಕ್ಕೆ ಬಾಚಿಟ್ಟ ಕೂದಲು. ಅದರ ಮೂರು ಎಳೆ ಒಟ್ಟು ಹಿಡಿದು, ಅದರ ಸುತ್ತ ರೇಷ್ಮೆ ದಾರವನ್ನು ಎಲ್ಲೂ ಸಂದಿಲ್ಲದ ಹಾಗೆ ಬಿಗಿಯಾಗಿ ಸುತ್ತಬೇಕು. ಹಾಗೆ ಸುತ್ತಿದಾಗ ತೆಳುವಾದ, ಗಟ್ಟಿಯಾದ ಒಂದು ಹುರಿ ಆಗುತ್ತದೆ. ದೇವತೆಯ ಹುಬ್ಬು, ಬೆರಳು, ಬಟ್ಟೆಯ ಮಡಿಕೆ ಎಲ್ಲದರ ಗೆರೆಯೂ ಆ ಹುರಿಯೇ. ಚಿತ್ರಗಾರ ಕುಂಚದಿಂದ ಎಳೆಯುವ ಗೆರೆಯ ಬದಲು ಇಲ್ಲಿ ಹುರಿಯನ್ನು ರೇಷ್ಮೆಯ ಮೇಲಿಟ್ಟು ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ ಹಾಕಿ ಕೂರಿಸುತ್ತಾರೆ. ಒಳಗೆ ಕುದುರೆ ಕೂದಲಿದ್ದರೆ ನೂರು ವರ್ಷ ಮಡಚಿ ಬಿಚ್ಚಿದರೂ ಗೆರೆ ಕೆಡುವುದಿಲ್ಲ.

ಗಿರಿಜವ್ವ ಸುತ್ತಿದರು. ಮಾಸ್ತರರು ಬೆಳಕಿಗೆ ಹಿಡಿದು ನೋಡಿ, "ಬಿಚ್ಚರಿ," ಎಂದರು. ಭಾನುವಾರ, ಸೋಮವಾರ, ಅಂಗಡಿಯ ರಜೆಯ ಎರಡೂ ದಿನ ಹೀಗೇ ನಡೆಯಿತು. ಮೂರು ತಿಂಗಳಾದ ಮೇಲೆ ಒಂದು ಗೇಣುದ್ದದ ಹುರಿಯನ್ನು ಮಾಸ್ತರರು ಬೆಳಕಿಗೆ ಹಿಡಿದರು, ಉಗುರಿನಿಂದ ಉಜ್ಜಿ ನೋಡಿದರು, ಯಾಂಗ್ಚೆನ್ ಅವರ ಹುರಿಗಳಿದ್ದ ಡಬ್ಬಿಯಲ್ಲಿ ಇಟ್ಟರು. ಅಂದು ಮನೆಗೆ ಹೋಗುವಾಗ ಇಳಿಯಬೇಕಾದ ಸ್ಟೇಷನ್ ದಾಟಿ ಎರಡು ಸ್ಟೇಷನ್ ಮುಂದೆ ಹೋಗಿಬಿಟ್ಟೆ ಎಂದು ಗಿರಿಜವ್ವ ನನಗೆ ಹೇಳಿದರು.

ಅಳತೆಯ ಪಾಠ ಅದಕ್ಕಿಂತ ಕಷ್ಟವಾಗಿತ್ತು. ಕೌದಿಯಲ್ಲಿ ಕೈಗೆ ಸಿಕ್ಕ ತುಂಡೇ ಅಳತೆ. ಇಲ್ಲಿ ದೇವಿಯ ಮುಖ ಇಷ್ಟುದ್ದ ಎಂದರೆ ಎದೆ ಇಷ್ಟು, ತೋಳು ಇಷ್ಟು, ಪಾದ ಇಷ್ಟು. ಒಂದು ಅಕ್ಕಿಕಾಳಿನಷ್ಟೂ ಹೆಚ್ಚುಕಡಿಮೆ ಇಲ್ಲ.

"ಚೆಂದ ಕಾಣಲಿ ಅಂತ ಕಣ್ಣು ಒಂಚೂರು ದೊಡ್ಡದು ಮಾಡಿದ್ರ?" ಎಂದು ಗಿರಿಜವ್ವ ಒಮ್ಮೆ ಕೇಳಿದರು.

"ಆಗ ಅದು ಬೊಂಬಿ ಆಗ್ತೈತಿ. ಬೊಂಬಿ ಮುಂದ ಯಾರೂ ಅಳೂದಿಲ್ಲ. ಈಕಿ ಮುಂದ ಜನ ಬಂದು ಅಳ್ತಾರ."

ಮಾಸ್ತರರು ಗೋಡೆಗೆ ಅಂಟಿಸಿದ ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದರು. ಎಡಗಾಲು ಒಳಗೆ ಮಡಚಿದೆ, ಅದು ಧ್ಯಾನ. ಬಲಗಾಲು ಪೀಠದಿಂದ ಕೆಳಗೆ ಇಳಿದು ಒಂದು ಸಣ್ಣ ಕಮಲದ ಮೇಲೆ ಊರಿದೆ. ಯಾರಾದರೂ ಕೂಗಿದರೆ ತಟ್ಟನೆ ಎದ್ದು ಹೋಗುವುದಕ್ಕೆ ತಯಾರಾಗಿ ಕೂತವಳು ಆಕೆ. ಬಲಗೈ ಮೊಣಕಾಲ ಮೇಲೆ ತೆರೆದಿದೆ, ಕೇಳಿದ್ದು ಕೊಡುವ ಕೈ. ಎಡಗೈ ಎದೆಯ ಹತ್ತಿರ, ನೀಲಿ ತಾವರೆಯ ದಂಟು ಹಿಡಿದು ಅಭಯ ಕೊಡುತ್ತದೆ. ಮೈ ಹಸಿರು, ಏಕೆಂದರೆ ಗಾಳಿಯ ಹಾಗೆ ಬೇಗ ಬರುವವಳು.

"ನಿಮ್ಮ ಊರು ಯಾವುದಂದ್ರಿ?" ಎಂದು ಕೇಳಿದರು ಮಾಸ್ತರರು ಅದೇ ದಿನ. ಗದಗ ಎಂದಷ್ಟೇ ಅಲ್ಲಿಯವರೆಗೆ ಅವರಿಗೆ ಗೊತ್ತಿತ್ತು.

"ಡಂಬಳ ಅಂತ್ರಿ. ನಿಮಗ ಗೊತ್ತಿರಂಗಿಲ್ಲ."

ಮಾಸ್ತರರು ಕೋಲನ್ನು ಕೆಳಗಿಟ್ಟರು. ಮುಂಡಗೋಡದ ಮಠದ ಒಬ್ಬ ವಿದ್ವಾಂಸ ಭಿಕ್ಷು ಒಮ್ಮೆ ಮಾಸ್ತರರನ್ನೂ ಜೊತೆಯವರನ್ನೂ ವ್ಯಾನಿನಲ್ಲಿ ಡಂಬಳಕ್ಕೆ ಕರೆದೊಯ್ದಿದ್ದರಂತೆ. ಒಂಬೈನೂರು ವರ್ಷಕ್ಕೂ ಹಿಂದೆ ಅಲ್ಲಿ ತಾರಾ ಭಗವತಿಗೆ ಗುಡಿಯೂ ಬೌದ್ಧರಿಗೆ ವಿಹಾರವೂ ಇದ್ದದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ಊರಿನ ವ್ಯಾಪಾರಿಗಳೇ ಸೇರಿ ಕಟ್ಟಿಸಿದ್ದು. ಶಾಸನದ ಭಾಷೆ ಕನ್ನಡ.

ಗಿರಿಜವ್ವ ಡಂಬಳದ ಎಲ್ಲ ಓಣಿಯಲ್ಲೂ ಆಡಿ ಬೆಳೆದವರು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. "ನಾ ಅಲ್ಲೇ ಹುಟ್ಟಿ, ಅದನ್ನ ಪಾರ್ಕ್‌ಡೇಲಿನಾಗ ಕುಂತು ಕೇಳಿದೆ ನೋಡ್ರಿ ಪದ್ಮಕ್ಕ," ಎಂದರು ನನಗೆ.

ಡಂಬಳದ ಹೆಸರು ಮುಂದೆ ಉಪಯೋಗಕ್ಕೆ ಬಂತು. ಸಭಾಭವನದ ಸಮಿತಿಯ ಕಾರ್ಯದರ್ಶಿ ಪೇಮಾ ಲ್ಹಾಮೋ ಎಂಬಾಕೆ. ಆಸ್ಪತ್ರೆಯಲ್ಲಿ ನರ್ಸ್. ಖಡಕ್ ಹೆಂಗಸು. ನಮ್ಮ ದೇವಿಯನ್ನು ನಮ್ಮ ಧರ್ಮದವಳಲ್ಲದ ದರ್ಜಿ ಹೊಲಿಯುತ್ತಿದ್ದಾಳೆ ಎಂಬ ಮಾತು ಕಿವಿಗೆ ಬಿದ್ದು, ಒಂದು ಭಾನುವಾರ ಇಬ್ಬರನ್ನೂ ಸಮಿತಿಯ ಮುಂದೆ ಕರೆಸಿದಳು. ಅವಳು ದುರುದ್ದೇಶದಿಂದ ಮಾತಾಡಲಿಲ್ಲ ಎಂದು ಗಿರಿಜವ್ವನೇ ಹೇಳುತ್ತಾರೆ. ಹೊಲಿಯುವವರು ಬರೀ ಬಟ್ಟೆ ಕೂಡಿಸುವುದಿಲ್ಲ, ಮನಸ್ಸು ಶುದ್ಧವಿಟ್ಟುಕೊಳ್ಳಬೇಕು, ಮಾಂಸ ಮುಟ್ಟಬಾರದು, ಮಂತ್ರ ಬರಬೇಕು, ಇದೆಲ್ಲ ಈಕೆಗೆ ಗೊತ್ತೇ ಎಂಬುದು ಪ್ರಶ್ನೆ.

ಮಾಸ್ತರರು ಟಿಬೆಟನ್ನಿನಲ್ಲಿ ಬಹಳ ಹೊತ್ತು ಮಾತಾಡಿದರು. ಗಿರಿಜವ್ವನಿಗೆ ಅದರಲ್ಲಿ ಅರ್ಥವಾದದ್ದು ಮೂರು ಸಲ ಬಂದ ಡಂಬಳ ಎಂಬ ಒಂದೇ ಶಬ್ದ. ಆಮೇಲೆ ಪೇಮಾ ಇಂಗ್ಲಿಷಿನಲ್ಲಿ ನೇರವಾಗಿ ಇವರನ್ನು ಕೇಳಿದಳು, ಹೊಲಿಯುವಾಗ ಏನು ಯೋಚಿಸುತ್ತೀರಿ ಎಂದು. ಗಿರಿಜವ್ವ ತಮ್ಮ ಅಂಗಡಿಯ ಇಂಗ್ಲಿಷಿನಲ್ಲಿ ಸತ್ಯ ಹೇಳಿದರು: "ಮಾರ್ನಿಂಗ್ ಲಿಂಗಪೂಜೆ ಮಾಡಿ ಬರ್ತೀನಿ. ಮೀಟ್ ನಾವು ಹುಟ್ಟಿನಿಂದ ತಿನ್ನಂಗಿಲ್ಲ. ಸ್ಟಿಚಿಂಗ್ ಟೈಮ್, ಐ ಥಿಂಕ್ ಓನ್ಲಿ ನೆಕ್ಸ್ಟ್ ಸ್ಟಿಚ್."

ಕನ್ನಡದ ಭಾಗವನ್ನು ಮಾಸ್ತರರು ತರ್ಜುಮೆ ಮಾಡಿದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಹಿರಿಯ ಭಿಕ್ಷು ನಕ್ಕು, ಮುಂದಿನ ಹೊಲಿಗೆಯನ್ನಷ್ಟೇ ಯೋಚಿಸುವುದು ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು ಎಂದರು. ಸಮಿತಿ ಒಪ್ಪಿತು. ಪೇಮಾ ಒಂದು ಷರತ್ತು ಹಾಕಿದಳು. ಮೈ ಹೊಲಿಯಲಿ, ಆದರೆ ದೇವಿಯ ಮುಖ, ಕಣ್ಣು ಮಾಸ್ತರರ ಕೈಯಿಂದಲೇ ಆಗಬೇಕು.

ಮಾಸ್ತರರು ತಲೆಯಾಡಿಸಿದರು. ಅವರ ಕೈ ಕೋಟಿನ ಜೇಬಿನಲ್ಲಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಕಿರೀಟವಾಯಿತು, ಕೊರಳ ಹಾರಗಳಾದವು, ಎರಡೂ ಕೈಗಳಾದವು. ಹೋದ ವರ್ಷ ಜೂನ್ ಮೊದಲಲ್ಲಿ ಬಿದ್ದ, ಟಿಬೆಟನ್ನರು ಆಚರಿಸುವ ಬುದ್ಧನ ಹುಣ್ಣಿಮೆಗೆ ಥಾಂಕಾ ಏರಿಸುವುದೆಂದು ಸಮಿತಿ ದಿನ ಗೊತ್ತು ಮಾಡಿತು. ಅದಕ್ಕಾಗಿ ಮುಂಡಗೋಡದಿಂದ ಹಿರಿಯ ಲಾಮಾ ಒಬ್ಬರು ಬರುವವರಿದ್ದರು. ಏಪ್ರಿಲ್ ಮೊದಲಲ್ಲಿ ಉಳಿದದ್ದು ಇಳಿಬಿಟ್ಟ ಕಾಲು, ಮುಖ, ಮತ್ತು ಎಲ್ಲವನ್ನೂ ಕೂಡಿಸುವ ಕೆಲಸ.

ಕಾಲಿನ ಗೆರೆಯನ್ನು ಮಾಸ್ತರರೇ ಹಾಕಿಕೊಟ್ಟಿದ್ದರು. ನಕ್ಷೆಯ ಕಾಗದಕ್ಕೆ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ರೇಷ್ಮೆಯ ಮೇಲಿಟ್ಟು, ಸೀಮೆಸುಣ್ಣದ ಪುಡಿ ತಟ್ಟಿದರೆ ಚುಕ್ಕೆ ಚುಕ್ಕೆಯಾಗಿ ಗೆರೆ ಮೂಡುತ್ತದೆ. ಗಿರಿಜವ್ವ ಅದನ್ನು ಮನೆಗೆ ತಂದು ಮೂರು ವಾರ ಹುರಿ ಕೂರಿಸಿದರು. ಮೀನಗಂಡ ಮುಗಿಯಿತು, ಹಿಮ್ಮಡಿ ಮುಗಿಯಿತು. ಹೆಬ್ಬೆರಳಿಗೆ ಬಂದಾಗ ಕೈ ನಿಂತಿತು. ಏನೋ ಸರಿಯಿಲ್ಲ. ಏನೆಂದು ತಿಳಿಯಲಿಲ್ಲ.

ಮಗಳನ್ನು ಕರೆದರು. "ಐಶೂ, ಇಲ್ಲಿ ಬಾ. ಸೋಫಾದ ಮ್ಯಾಲ ಕುಂಡ್ರು. ಸಾಕ್ಸ್ ತಗಿ. ಎಡಗಾಲು ಮಡಚು. ಬಲಗಾಲು ಕೆಳಗ ಬಿಡು."

"ಅಮ್ಮ, ವಾಟ್ ಈಸ್ ದಿಸ್?"

"ಮಾತಾಡಬ್ಯಾಡ. ದೇವಿ ಹಂಗ ಕುಂಡ್ರು."

ಐಶ್ವರ್ಯಾ ಕೂತಳು. ಗಿರಿಜವ್ವ ಎದುರಿಗೆ ನೆಲದ ಮೇಲೆ ಕೂತು, ರೇಷ್ಮೆಯ ಕಾಲನ್ನು ಮಗಳ ಕಾಲಿನ ಪಕ್ಕ ಹಿಡಿದರು. ಮಗಳು ಬಗ್ಗಿ ನೋಡಿದಳು. ಅಂಗರಚನೆ ಓದುವ ಹುಡುಗಿ, ಅವಳಿಗೆ ಅರೆಕ್ಷಣ ಸಾಕಾಯಿತು.

"ಅಮ್ಮ, ದಟ್ಸ್ ಎ ಲೆಫ್ಟ್ ಫುಟ್."

ಕಾಗದ ಮಗುಚಿಬಿದ್ದಿತ್ತು. ಮಾಸ್ತರರು ತಿರುವುಮುರುವಾಗಿ ಪುಡಿ ತಟ್ಟಿದ್ದರು. ದೇವಿಯ ಬಲಗಾಲಿನ ಜಾಗಕ್ಕೆ ಒಂದು ಎಡಗಾಲು ತಯಾರಾಗಿತ್ತು.

ಮಾರನೆಯ ದಿನ ಗಿರಿಜವ್ವ ಆ ತುಂಡು ಹಿಡಿದು ಪಾರ್ಕ್‌ಡೇಲಿನ ಲಿಫ್ಟ್ ಹತ್ತಿದರು. ಗುರುವಿಗೆ ತಪ್ಪು ತೋರಿಸುವುದು ಹೇಗೆ? ಸುಮ್ಮನೆ ಬಿಟ್ಟರೆ ಅಷ್ಟು ದೂರದಿಂದ ನೋಡುವವರಿಗೆ ತಿಳಿಯುತ್ತಿತ್ತೋ ಇಲ್ಲವೋ. ಆದರೆ ಆ ಕಾಲು ಯಾಕೆ ಇಳಿದಿದೆ ಎಂದು ಆ ಗುರುವೇ ಕಲಿಸಿದ್ದರು. ಒಳಗೆ ಹೋಗಿ, ಮೇಜಿನ ಮೇಲೆ ತುಂಡನ್ನು ಬಿಡಿಸಿ, "ಮಾಸ್ತರ, ಹೆಬ್ಬೆರಳು ಯಾವ ಕಡೆ ಬರಬೇಕ್ರಿ?" ಎಂದು ಮಾತ್ರ ಕೇಳಿದರು.

ಮಾಸ್ತರರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕುರ್ಚಿಯಲ್ಲಿ ಕೂತರು. ಆಮೇಲೆ ಹೇಳಿದರು: "ಕೈ ಹೋದದ್ದು ಗೊತ್ತಿತ್ತು. ಕಣ್ಣೂ ಹೋಗೇತಿ." ಮತ್ತೆ, "ಹೇಳಿದ್ದು ಛಲೋ ಆತು ತಂಗಿ," ಎಂದರು. ಆವರೆಗೆ ಅವರು ಗಿರಿಜವ್ವನನ್ನು ತಂಗಿ ಎಂದಿರಲಿಲ್ಲ.

ಹೊಸ ಕಾಲು ಕತ್ತರಿಸಲು ರೇಷ್ಮೆ ಇರಲಿಲ್ಲ. ದೇವಿಯ ಮೈಯ ಹಸಿರು ಸ್ಯಾಟಿನ್ನನ್ನು ಮಾಸ್ತರ ದಂಪತಿ ಬನಾರಸಿನ ಒಬ್ಬ ನೇಕಾರನಿಂದ ಒಂದೇ ಥಾನಿನಲ್ಲಿ ತಂದಿದ್ದರು. ಆತ ಮಗ್ಗ ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಗಿರಿಜವ್ವ ಜೆರಾರ್ಡ್ ಸ್ಟ್ರೀಟಿನ ಸೀರೆ ಅಂಗಡಿಗಳನ್ನೆಲ್ಲ ಸುತ್ತಿದರು. ನಾನು ಮಾರ್ಕಮ್‌ನ ಚೀನೀ ಮಾಲುಗಳಲ್ಲಿ ಹುಡುಕಿದೆ. ಹಸಿರೇನೋ ನೂರಿದ್ದವು. ತುಂಡು ತಂದು ಕಿಟಕಿಯ ಬೆಳಕಿಗೆ ಇಟ್ಟರೆ ಒಂದು ಹಳದಿ ಹೊಡೆಯುತ್ತಿತ್ತು, ಇನ್ನೊಂದು ನೀಲಿ.

ಉಳಿದದ್ದು ಆ ತಪ್ಪು ಕಾಲು ಮಾತ್ರ. ಹುರಿ ಬಿಚ್ಚಿದರೆ ಸೂಜಿಯ ತೂತುಗಳು ಹಾಗೇ ಉಳಿಯುತ್ತಿದ್ದವು, ಸ್ಯಾಟಿನ್ನು ಅದನ್ನು ಮುಚ್ಚಿಕೊಳ್ಳುವುದಿಲ್ಲ. ತೂತಿನ ಸಾಲುಗಳ ನಡುವೆ ಅಂಗೈಯಗಲದ, ಮೂರು ಬೆರಳಗಲದ ಸ್ವಚ್ಛ ತುಂಡುಗಳು ಸಿಗುತ್ತಿದ್ದವು. ಅದರ ಜೊತೆ, ಮೊದಲು ಕತ್ತರಿಸುವಾಗ ಉಳಿದ ಅಂಚುಗಳೂ ಇದ್ದವು.

"ಮಾಸ್ತರ, ನಾ ಇದನ್ನ ಕೂಡಸ್ತೀನ್ರಿ," ಎಂದರು ಗಿರಿಜವ್ವ.

"ದೇವಿ ಮೈಯಾಗ ಹೊಲಿಗಿ ಕಾಣಬಾರದು. ಅದು ನಿಯಮ."

"ಕಾಣಂಗಿಲ್ರಿ. ಕಾಲಬೆರಳಿನ ನಡುವ ಗೆರಿ ಬರ್ತೈತಿ ಅಲ್ರಿ, ಹುರಿ ಕೂಡೂ ಜಾಗ, ಜೋಡು ಅದರ ಕೆಳಗ ಬರ್ಲಿ. ಕಾಲಂದಿಗಿ ಕೆಳಗ ಒಂದು ಜೋಡು. ಮೀನಗಂಡದ ಗೆರಿ ಕೆಳಗ ಇನ್ನೊಂದು. ಸೀರಿ ನಿರಿಗಿ ಕೆಳಗ ಒಂದು. ಏಳು ತುಂಡಿನಾಗ ಕಾಲು ಆಗ್ತೈತಿ. ಎಲ್ಲಾ ಜೋಡು ದಾಗೀನದ ಕೆಳಗ, ಗೆರಿ ಕೆಳಗ."

ಮಾಸ್ತರರು ಅಳತೆಪಟ್ಟಿ ತಂದರು. ಒಂದು ಗಂಟೆ ಲೆಕ್ಕ ಹಾಕಿದರು. ತಂದೆ ಇದನ್ನು ತಮಗೆ ಕಲಿಸಿರಲಿಲ್ಲ, ಆದರೆ ಕೂಡದೆಂದೂ ಹೇಳಿರಲಿಲ್ಲ ಎಂದರು. ಈ ಸಲ ಪುಡಿ ತಟ್ಟುವಾಗ ಕಾಗದದ ಮೂಲೆಗೆ ಕನ್ನಡದಲ್ಲಿ ದೊಡ್ಡದಾಗಿ 'ಮ್ಯಾಲ' ಎಂದು ಗಿರಿಜವ್ವ ಬರೆದರು.

ಅಂಗಡಿಯ ಮಾಲಕಿಯ ಹತ್ತಿರ ಹೋಗಿ ಮೂರು ವಾರ ರಜೆ ಕೇಳಿದರು. ಹದಿಮೂರು ವರ್ಷದಲ್ಲಿ ಅವರು ಮದುವೆಗೆ, ಜ್ವರಕ್ಕೆ ಬಿಟ್ಟು ಬೇರೆ ರಜೆ ಕೇಳಿರಲಿಲ್ಲ. ಕೊಟ್ಟಳು. ಬೆಳಿಗ್ಗೆ ಲಿಂಗಪೂಜೆ, ಏಳೂವರೆಯ ಬಸ್ಸು, ಪಾರ್ಕ್‌ಡೇಲಿನ ಕಿಟಕಿ, ಬೆಳಕು ಇರುವವರೆಗೆ ಕೆಲಸ. ಸ್ಯಾಟಿನ್ನಿನ ನೇಯ್ಗೆ ಎಲ್ಲ ತುಂಡಿನಲ್ಲೂ ಒಂದೇ ದಿಕ್ಕಿಗೆ ಬರಬೇಕು, ಇಲ್ಲದಿದ್ದರೆ ಹೊಳಪು ಒಡೆಯುತ್ತದೆ. ಎರಡು ತುಂಡು ಹಾಗೆ ಒಡೆದವು, ಬಿಚ್ಚಿ ಮತ್ತೆ ಇಟ್ಟರು. ಹದಿನೇಳನೆಯ ದಿನ ಕಾಲು ಮುಗಿಯಿತು.

ಅದೇ ದಿನ ಪೇಮಾ ಲ್ಹಾಮೋ ಬಂದಳು. ಆಸ್ಪತ್ರೆಯ ಡ್ಯೂಟಿ ಮುಗಿಸಿ, ಅಲ್ಲಿನ ನೀಲಿ ಸಮವಸ್ತ್ರದಲ್ಲೇ. ಎಡಗಾಲಿನ ಸುದ್ದಿ ಅವಳಿಗೆ ಹೇಗೋ ತಲುಪಿತ್ತು. ಮೇಜಿನ ಮೇಲಿದ್ದ ಕಾಲನ್ನು ಕಿಟಕಿಯ ಹತ್ತಿರ ಒಯ್ದಳು. ಓರೆ ಮಾಡಿ ನೋಡಿದಳು, ಬೆರಳಾಡಿಸಿ ನೋಡಿದಳು, ಮೊಬೈಲಿನ ಟಾರ್ಚ್ ಹಾಕಿ ನೋಡಿದಳು.

"ಹೌ ಮೆನಿ ಪೀಸಸ್?" ಎಂದು ಕೇಳಿದಳು.

"ಸೆವೆನ್," ಎಂದರು ಗಿರಿಜವ್ವ.

ಅವಳು ಮತ್ತೊಮ್ಮೆ ಹುಡುಕಿದಳು. ಒಂದೂ ಸಿಗಲಿಲ್ಲ. ಕೊನೆಗೆ ಮಗುಚಿ ಹಿಂಬದಿ ನೋಡಿದಾಗ ಏಳು ತುಂಡುಗಳೂ ಸಾಲಾಗಿ ಕಂಡವು, ಕೌದಿಯ ಹಿಂಬದಿಯ ಹಾಗೆ ಸ್ವಚ್ಛವಾಗಿ. ಆಗ ಮಾಸ್ತರರು ಜೇಬಿನಿಂದ ಕೈ ಹೊರಗೆ ತೆಗೆದು ಅವಳ ಮುಂದೆ ಚಾಚಿದರು. ಕೈ ಎಲೆಯ ಹಾಗೆ ಅಲುಗುತ್ತಿತ್ತು. ನರ್ಸಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಪೇಮಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಗಿರಿಜವ್ವನ ಕಡೆ ತಿರುಗಿ, ಮುಖವನ್ನೂ ನೀವೇ ಮಾಡಿ, ಕಣ್ಣನ್ನೂ ನೀವೇ ಮಾಡಿ, ಷರತ್ತು ಹಾಕಿದವಳೇ ಹೇಳುತ್ತಿದ್ದೇನೆ ಎಂದಳು.

ಮೊದಲೇ ಕತ್ತರಿಸಿಟ್ಟಿದ್ದ ಮುಖದ ರೇಷ್ಮೆಗೆ ಗಿರಿಜವ್ವ ಹುಬ್ಬು, ಮೂಗು, ತುಟಿಯ ಹುರಿ ಕೂರಿಸಿದರು. ಥಾಂಕಾದಲ್ಲಿ ಕಣ್ಣು ಕೊನೆಗೆ. ಅಲ್ಲಿಯವರೆಗೆ ಅದು ಬಟ್ಟೆ. ಕಣ್ಣು ಬಂದ ಮೇಲೆ ನೋಡುವವಳು ಆಕೆ, ನಾವಲ್ಲ ಎನ್ನುತ್ತಾರೆ ಮಾಸ್ತರರು. ಗಿರಿಜವ್ವ ಬೇರೆ ಬಟ್ಟೆಯ ಹನ್ನೊಂದು ತುಂಡುಗಳ ಮೇಲೆ ಹನ್ನೊಂದು ಜೊತೆ ಕಣ್ಣು ಹೊಲಿದು ಅಭ್ಯಾಸ ಮಾಡಿದರು. ಕೆಲವು ಸಿಟ್ಟಾಗಿದ್ದವು, ಕೆಲವು ನಿದ್ದೆಗಣ್ಣು. ಒಂಬತ್ತನೆಯದು ಐಶ್ವರ್ಯಾ ಪರೀಕ್ಷೆಯ ಹಿಂದಿನ ದಿನ ನೋಡುವ ಹಾಗೆ ಇತ್ತಂತೆ. ಹನ್ನೊಂದನೆಯದನ್ನು ನೋಡಿ ಮಾಸ್ತರರು, "ಈಗ ಹೋಗೂಣ," ಎಂದರು.

ಹುಣ್ಣಿಮೆಗೆ ನಾಲ್ಕು ದಿನ ಮುಂಚೆ, ಬೆಳಿಗ್ಗೆ ಹತ್ತು ಗಂಟೆಗೆ, ಎಟೋಬಿಕೋದ ಸಭಾಭವನದ ನೆಲದ ಮೇಲೆ ಇಡೀ ಥಾಂಕಾ ಹಾಸಿತ್ತು. ಹದಿನಾಲ್ಕು ಅಡಿಯ ದೇವಿ, ಕುರುಡಿಯಾಗಿ ಮಲಗಿದ್ದಳು. ಗಿರಿಜವ್ವ ಬಟ್ಟೆಗೆ ಅಡ್ಡಲಾಗಿ ಇಟ್ಟ ಹಲಗೆಯ ಮೇಲೆ ಮಂಡಿಯೂರಿದರು. ಮಾಸ್ತರರು ಎದುರು ಬದಿಯಲ್ಲಿ ಕೂತು, ನಡುಗುವ ಎರಡೂ ಕೈಯನ್ನು ಬಟ್ಟೆಯ ಅಂಚಿನ ಮೇಲೆ ಭಾರವಾಗಿ ಊರಿ, ರೇಷ್ಮೆ ಬಿಗಿಯಾಗಿ ನಿಲ್ಲುವಂತೆ ಹಿಡಿದರು. ತುಟಿಯಲ್ಲಿ ತಾರೆಯ ಮಂತ್ರ ಸಣ್ಣಗೆ ನಡೆದಿತ್ತು. ಬಿಳಿ ಮೊದಲು, ಆಮೇಲೆ ರೆಪ್ಪೆಯ ಹುರಿ, ಕೊನೆಗೆ ಕಪ್ಪು ಗುಡ್ಡೆ. ಮಧ್ಯಾಹ್ನ ಎರಡೂವರೆಗೆ ಗಿರಿಜವ್ವ ದಾರ ಕತ್ತರಿಸಿದರು. ತಲೆ ಎತ್ತಿ ಮಾಸ್ತರರನ್ನು ನೋಡಿದರು. ಮಾಸ್ತರರು ಇವರನ್ನು ನೋಡುತ್ತಿರಲಿಲ್ಲ. ದೇವಿಯ ಮುಖ ನೋಡುತ್ತ ಅಳುತ್ತಿದ್ದರು.

ಹುಣ್ಣಿಮೆಯ ದಿನ ಗಿರಿಜವ್ವನ ಮನೆಯವರೊಂದಿಗೆ ನಾನೂ ಹೋಗಿದ್ದೆ. ಸಾವಿರಕ್ಕೂ ಹೆಚ್ಚು ಜನ. ಶಿವಲಿಂಗಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಐಶ್ವರ್ಯಾ ಇಳಕಲ್ ಸೀರೆಯಲ್ಲಿ. ಉದ್ದನೆಯ ಕೊಳಲಿನಂಥ ಕಹಳೆಗಳು ಗುಡುಗಿದ ಹಾಗೆ ಊದಿದವು. ನಾಲ್ಕು ಮಂದಿ ಹಗ್ಗ ಎಳೆದರು. ಥಾಂಕಾ ಗೋಡೆಯುದ್ದಕ್ಕೂ ಮೇಲೇರಿತು, ಅದನ್ನು ಮುಚ್ಚಿದ್ದ ಹಳದಿ ರೇಷ್ಮೆಯ ಪರದೆಯೊಂದಿಗೆ. ಲಾಮಾ ಅಕ್ಕಿ ಎರಚಿ ಮಂತ್ರ ಹೇಳಿದರು. ಪರದೆ ಸರಿಯಿತು.

ಮೊದಲು ಹಸಿರು. ಆಮೇಲೆ ಆ ಕಣ್ಣು. ನಾನು ಕೂತಿದ್ದದ್ದು ಬಲ ಮೂಲೆಯಲ್ಲಿ, ನನ್ನನ್ನೇ ನೋಡುತ್ತಿದ್ದಳು. ಎಡ ಮೂಲೆಯಲ್ಲಿದ್ದವರೂ ತಮ್ಮನ್ನೇ ನೋಡಿದಳು ಎಂದರು. ನನ್ನ ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ನಿಂತಳು, ಅವಳ ಹಿಂದೆ ಸಾಲು ಸಾಲಾಗಿ ಎಲ್ಲರೂ ಎದ್ದರು. ಕೈ ಮುಗಿದರು, ಅತ್ತರು. ಇಳಿಬಿಟ್ಟ ಆ ಬಲಗಾಲು ಸಣ್ಣ ಕಮಲದ ಮೇಲೆ ಊರಿತ್ತು, ಇನ್ನೊಂದು ಕ್ಷಣಕ್ಕೆ ಎದ್ದು ನಮ್ಮ ಮಧ್ಯೆ ಬರುವ ಹಾಗೆ.

ಮೈಕಿನಲ್ಲಿ ಪೇಮಾ ಮೂರು ಹೆಸರು ಕೂಗಿದಳು. ಕೆಲ್ಸಂಗ್ ವಾಂಗ್ದು. ಯಾಂಗ್ಚೆನ್. ಡಂಬಳದ ಗಿರಿಜಾ. ಕೆಲಸ ಮಾಡಿದವರ ಹೆಸರು ಥಾಂಕಾದ ಮೇಲೆ ಹಾಕುವ ಪದ್ಧತಿ ಅವರಲ್ಲಿಲ್ಲ. ಆದರೆ ಅಂದು ಆ ಸಭೆಯಲ್ಲಿ ಕೂಗಿದರು, ಜನ ಅದನ್ನು ತಿರುಗಿ ಕೂಗಿದರು. ಗಿರಿಜವ್ವ ವೇದಿಕೆ ಹತ್ತಿದರು. ಮುಂಡಗೋಡದ ಲಾಮಾ ಅವರ ಕೊರಳಿಗೆ ಬಿಳಿ ರೇಷ್ಮೆಯ ವಸ್ತ್ರ ಹಾಕಿ, ಕನ್ನಡದಲ್ಲಿ ಕೇಳಿದರು: "ಊರಿಗೆ ಯಾವಾಗ ಬರ್ತೀರಿ? ನಮ್ಮ ಮಠದಾಗೂ ಒಂದು ಹಳೇ ಪಟ ಐತಿ, ಕಾಲು ಹರಿದೈತಿ." ಜನಕ್ಕೆ ಅರ್ಥವಾಗಲಿಲ್ಲ. ಕನ್ನಡ ಬಲ್ಲ ನಾವು ಕೆಲವರು ಮಾತ್ರ ಗಟ್ಟಿಯಾಗಿ ನಕ್ಕೆವು.

ಗಿರಿಜವ್ವ ಈಗ ಆಲ್ಟರೇಶನ್ ಅಂಗಡಿಗೆ ವಾರಕ್ಕೆ ಎರಡೇ ದಿನ ಹೋಗುತ್ತಾರೆ. ಸಭಾಭವನದ ಹಿಂದಿನ ಕೋಣೆಯನ್ನು ಸಮಿತಿ ಕಾರ್ಯಾಗಾರ ಮಾಡಿಕೊಟ್ಟಿದೆ. ಶನಿವಾರ ಒಂಬತ್ತು ಟಿಬೆಟನ್ ಹುಡುಗಿಯರು ಅಲ್ಲಿಗೆ ಕಲಿಯಲು ಬರುತ್ತಾರೆ. ಪೇಮಾಳ ಮಗಳೂ ಅದರಲ್ಲಿ ಒಬ್ಬಳು. ಅವರಿಗೆ ಸೂಜಿ, ದಾರ, ಸಾವಕಾಶ, ಛಲೋ ಎಂಬ ನಾಲ್ಕು ಕನ್ನಡ ಶಬ್ದ ಬಂದಿವೆ. ಮಾಸ್ತರರು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಬೆಣ್ಣೆ ಚಹಾ ಕುಡಿಯುತ್ತ ಅಳತೆ ಹೇಳುತ್ತಾರೆ. ಮಾಂಟ್ರಿಯಲ್‌ನ ಒಂದು ವಿಹಾರಕ್ಕೆಂದು, ಮುಂದೆ ಅವತರಿಸಲಿರುವ ಬುದ್ಧನಾದ ಮೈತ್ರೇಯನ ಥಾಂಕಾ ಶುರುವಾಗಿದೆ. ಇಪ್ಪತ್ತು ಅಡಿ.

ಹೋದ ವಾರ ಅಲ್ಲಿಗೆ ಹೋಗಿದ್ದೆ. ಬಾಗಿಲಲ್ಲಿ ಬೂಟು ಬಿಟ್ಟು ಒಳಗೆ ಕಾಲಿಡುತ್ತಿದ್ದ ಹಾಗೆ ನೆಲದ ತುಂಬ ಹರಡಿದ ನಕ್ಷೆಯ ನಡುವಿನಿಂದ, ತಲೆ ಎತ್ತದೆಯೇ, ಗಿರಿಜವ್ವನ ದನಿ ಬಂತು.

"ಪದ್ಮಕ್ಕ, ಅಲ್ಲೇ ನಿಂದರ್ರಿ. ಇನ್ನೊಂದು ಹೆಜ್ಜಿ ಇಟ್ರ ಕಮಲ ತುಳೀತೀರಿ. ಗ್ವಾಡಿ ಹಿಡಕೊಂಡು ಈ ಕಡೆ ಬರ್ರಿ, ಪಾದ ತೋರಸ್ತೀನಿ."